ತಲಕಾಡಿನಿಂದ ಬಂದ ಸುದ್ದಿ: ಬೆಳತೂರು ಶಾಸನ ಮತ್ತು ಮರಣದಂಡನೆ

2020ರ ಮಾರ್ಚ್ 20, ಶುಕ್ರವಾರ. ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸುದ್ದಿ. 2012ರ ದೆಹಲಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರನ್ನು ಅಂದು ನಸುಕಿನಲ್ಲಿ ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಿದ್ದರು. ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಿದ್ದರು, ನಾನೂ ಹಾಕಿದೆ. ಎರಡನೇ ಯೋಚನೆ ಬರಲೇ ಇಲ್ಲ. ಮುಂದಿನ ವಾರ ಲಾಕ್‌ಡೌನ್ ಶುರುವಾಯಿತು, ಸೈಟ್ ಕೆಲಸ ನಿಂತಿತು. ಬಹಳ ದಿನದಿಂದ ಓದಬೇಕು ಅಂತ ಎತ್ತಿಟ್ಟಿದ್ದ ಎಪಿಗ್ರಾಫಿಯಾ ಕರ್ನಾಟಿಕದ ಮೈಸೂರು ಜಿಲ್ಲೆಯ ಸಂಪುಟ ಹಿಡಿದು ಕೂತೆ. ಆಗ ಎದುರಾಗಿದ್ದು ಬೆಳತೂರಿನ ದೇಕಬ್ಬೆಯ ಶಾಸನ. ಅದನ್ನು ಮೊದಲೂ ಓದಿದ್ದೆ, ಆದರೆ ಮಾಸ್ತಿಗಲ್ಲು ಅಂತ ಓದಿದ್ದೆ. ಈ ಸಲ ಕಣ್ಣು ಬೇರೆ ಕಡೆ ನಿಂತಿತು. ಆ ಕಥೆ ಶುರುವಾಗುವುದೇ ಒಂದು ಮರಣದಂಡನೆಯಿಂದ.

ಶಾಸನ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಬೆಳತೂರು ಇರುವುದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯಲ್ಲಿ. ಶಾಸನದ ಕಾಲ ಶಕ 979, ಅಂದರೆ ಕ್ರಿ.ಶ. 1057. ಗಂಗರ ನಾಡು ಚೋಳರ ಕೈಗೆ ಹೋಗಿ ಅರ್ಧ ಶತಮಾನ ಕಳೆದಿತ್ತು. ತಲಕಾಡಿಗೆ ರಾಜರಾಜಪುರ ಅಂತ ಹೊಸ ಹೆಸರು ಬಿದ್ದಿತ್ತು. ಶಾಸನ ಹೇಳುವ ರಾಜೇಂದ್ರ ಚೋಳ, ಕಾಲದ ಲೆಕ್ಕ ಹಿಡಿದರೆ, ಗಂಗೈಕೊಂಡ ಚೋಳನಲ್ಲ. ಅವನ ಮಗ, ನಾವು ಎರಡನೇ ರಾಜೇಂದ್ರ ಅಂತ ಕರೆಯುವವನು.

ನುಗುನಾಡಿನ ಒಡೆಯ ರವಿಗ. ಅವನ ಮಗಳು ದೇಕಬ್ಬೆ. ಅವಳನ್ನು ಕೊಟ್ಟಿದ್ದು ನವಿಲೆನಾಡಿನ ಒಡೆಯ ಏಚನಿಗೆ. ಈ ಏಚ ಮಲ್ಲಯುದ್ಧದಲ್ಲಿ ಒಬ್ಬ ದಾಯಿಗನನ್ನು ಕೊಂದ. ಸತ್ತವನು ಅರಸನ ದಾಯಿಗ ಅಂತ ಸಾಮಾನ್ಯವಾಗಿ ಓದುತ್ತಾರೆ. ಅರಸನ ಆಜ್ಞೆಯಂತೆ ಏಚನನ್ನು ತಲಕಾಡಿಗೆ ಒಯ್ದು ಕೊಂದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ತಂದೆ ತಾಯಿ ಬೇಡ ಅಂತ ತಡೆದರು, ಬೇಡಿಕೊಂಡರು. ಕೇಳಲಿಲ್ಲ. ದಾನಧರ್ಮ ಮಾಡಿ ಬೆಂಕಿ ಹೊಕ್ಕಳು. ಅವಳ ನೆನಪಿಗೆ ಕಲ್ಲು ನಿಂತಿತು. ಅದರ ಮೇಲಿರುವುದು ಒಳ್ಳೆಯ ಹಳಗನ್ನಡ ಪದ್ಯಗಳು. ಸಾಹಿತ್ಯ ಚರಿತ್ರೆಯವರು ಅದನ್ನು ಕಾವ್ಯ ಅಂತ ಓದುತ್ತಾರೆ, ಸಮಾಜದ ಚರಿತ್ರೆ ಬರೆಯುವವರು ಸಹಗಮನದ ದಾಖಲೆ ಅಂತ ಓದುತ್ತಾರೆ. ಎರಡೂ ಸರಿಯೇ.

ಆದರೆ ಏಚನ ಕಡೆಯಿಂದ ಓದಿ ನೋಡಿ. ವಿಚಾರಣೆ ಎಲ್ಲಿ? ಸಭೆ ಸೇರಿತ್ತಾ? ಸಾಕ್ಷಿ ಹೇಳಿದವರು ಯಾರು? ಮಲ್ಲಯುದ್ಧದಲ್ಲಿ ಆದ ಸಾವು ಕೊಲೆಯಾ, ಅಪಘಾತವಾ? ಈ ಪ್ರಶ್ನೆಗಳಿಗೆ ಕಲ್ಲಿನ ಮೇಲೆ ಒಂದು ಅಕ್ಷರವೂ ಇಲ್ಲ. ಅಪರಾಧಕ್ಕೆ ಒಂದು ಮಾತು, ಶಿಕ್ಷೆಗೆ ಒಂದು ಮಾತು, ಮುಗಿಯಿತು. ಉಳಿದದ್ದೆಲ್ಲ ಮನೆಯ ಕಥೆ.

ಸುಮಾರು ಹದಿನೈದು ವರ್ಷದಿಂದ ಶನಿವಾರ ಭಾನುವಾರ ಕಲ್ಲು ಹುಡುಕಿಕೊಂಡು ಅಲೆಯುವವನು ನಾನು. ಯೂನಿವರ್ಸಿಟಿಯಲ್ಲಿ ಕಲಿತದ್ದು ಕಾಂಕ್ರೀಟು, ಲಿಪಿ ಕಲಿತದ್ದು ಪುಸ್ತಕ ಮತ್ತು ಹಿರಿಯರ ಬೈಗುಳದಿಂದ. ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿ, ಗೋಸಾಸ, ದತ್ತಿ ಶಾಸನ, ತೂಬಿನ ಶಾಸನ ಎಲ್ಲ ನೋಡಿದ್ದೇನೆ. ದನ ಬಿಡಿಸಲು ಹೋಗಿ ಸತ್ತವನಿಗೆ ಕಲ್ಲಿದೆ. ಹುಲಿ ಜೊತೆ ಕಾದಿ ಸತ್ತವನಿಗೆ ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗೂ ಕಲ್ಲಿದೆ. ತಕ್ಕೋಲದ ಯುದ್ಧ ನಡೆದ ಕಾಲದ ಆ ಕಲ್ಲನ್ನು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಅರಸನ ಆಜ್ಞೆಯಿಂದ ತಲೆ ಕಳೆದುಕೊಂಡವನಿಗೆ ಅಂತಲೇ ನಿಂತ ಕಲ್ಲು ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಏಚನ ಹೆಸರು ಉಳಿದಿರುವುದು ಅವನ ಹೆಂಡತಿಯ ಕಲ್ಲಿನ ಮೇಲೆ, ಅದೂ ಅವಳ ಸಾವಿಗೆ ಕಾರಣ ಹೇಳಬೇಕಾಗಿ ಬಂದದ್ದರಿಂದ.

ಹಾಗಂತ ಆ ಕಾಲದಲ್ಲಿ ಮರಣದಂಡನೆ ಅಪರೂಪ ಅಂದುಕೊಳ್ಳಬಹುದಾ? ಇಲ್ಲಿ ನಾವು ಹುಷಾರಾಗಿರಬೇಕು.

ಅದೇ ಚೋಳರ ಆಳ್ವಿಕೆಯ ತಮಿಳು ಶಾಸನಗಳಲ್ಲಿ ಕೊಲೆ ಪ್ರಕರಣಗಳು ಸಾಕಷ್ಟು ಸಿಗುತ್ತವೆ. ಬೇಟೆಗೆ ಹೋದಾಗ ಗುರಿ ತಪ್ಪಿದ ಬಾಣ ಜೊತೆಗಾರನಿಗೆ ತಾಗಿತು, ಅವನು ಸತ್ತ. ನಾಡಿನವರು ಸೇರಿ ಮಾತಾಡಿದರು. ಬೇಕೆಂದು ಮಾಡಿದ್ದಲ್ಲ, ಇವನು ಸಾಯಬೇಕಿಲ್ಲ, ದೇವಸ್ಥಾನಕ್ಕೆ ಒಂದು ನಂದಾದೀಪ ನಡೆಸಲಿ ಅಂತ ತೀರ್ಮಾನ ಮಾಡಿದರು. ಒಂದು ನಂದಾದೀಪಕ್ಕೆ ರೂಢಿಯ ಲೆಕ್ಕ 96 ಕುರಿ. ಆ ಕುರಿಗಳಿಗೆ ಶಾಸನಗಳು ಕೊಡುವ ವಿಶೇಷಣ ಚೆನ್ನಾಗಿದೆ: ಸಾಯದ, ಮುಪ್ಪಾಗದ ಕುರಿ. ಸತ್ತದ್ದರ ಜಾಗಕ್ಕೆ ಮರಿ ತುಂಬಿ, ಮಂದೆಯ ಸಂಖ್ಯೆ ಯಾವತ್ತೂ ಕಡಿಮೆಯಾಗದಂತೆ ನೋಡಿಕೊಳ್ಳಬೇಕು ಅಂತ ಅರ್ಥ. ಸತ್ತ ಒಬ್ಬ ಮನುಷ್ಯನ ಲೆಕ್ಕಕ್ಕೆ ಸಾಯದ 96 ಕುರಿ.

ಇದನ್ನೆಲ್ಲ ಓದಿ ಚೋಳರ ಕಾಲದ ದಂಡನೆ ಬಹಳ ಮೃದು ಅಂತ ಬರೆದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಈ ಪ್ರಕರಣಗಳು ಕಲ್ಲಿನ ಮೇಲೆ ಬಂದದ್ದು ಯಾಕೆ? ದೇವಸ್ಥಾನಕ್ಕೆ ಕುರಿ ಬಂತು, ಅದಕ್ಕೆ. ಕಲ್ಲು ಕೆತ್ತಿಸಿದ್ದು ದಾನದ ಲೆಕ್ಕ ಇಡಲು, ನ್ಯಾಯದ ಲೆಕ್ಕ ಇಡಲು ಅಲ್ಲ. ಬದುಕುಳಿದ ಅಪರಾಧಿ ದೀಪ ಹಚ್ಚಿಸಿದ, ದೀಪ ಇದ್ದಲ್ಲಿ ಶಾಸನ ಇತ್ತು. ಗಲ್ಲಿಗೆ ಹೋದವನು ದೀಪ ಹಚ್ಚಿಸಲಿಲ್ಲ, ಅವನ ಶಾಸನವೂ ಇಲ್ಲ. ಕ್ಷಮೆ ಮಾತ್ರ ದಾಖಲಾಗುವ ವ್ಯವಸ್ಥೆಯಲ್ಲಿ ಕ್ಷಮೆಯೇ ಹೆಚ್ಚು ಅಂತ ಕಾಣುವುದು ಸಹಜ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸ್ಯಾಂಪಲ್ ತೆಗೆದ ಜಾಗವೇ ಒಂದು ಕಡೆ ವಾಲಿದೆ.

ಉಡೈಯಾರ್‌ಗುಡಿ ಶಾಸನವನ್ನೂ ಹೀಗೇ ನೋಡಬೇಕು. ಕಾಟ್ಟುಮನ್ನಾರ್‌ಕೋಯಿಲ್‌ನಲ್ಲಿರುವ ಇದು ಒಂದನೇ ರಾಜರಾಜನ 2ನೇ ಆಳ್ವಿಕೆಯ ವರ್ಷದ್ದು. ರಾಜರಾಜನ ಅಣ್ಣ ಆದಿತ್ಯ ಕರಿಕಾಲನನ್ನು ಕೊಂದ ದ್ರೋಹಿಗಳ ಹೆಸರು ಅದರಲ್ಲಿದೆ: ಸೋಮನ್, ರವಿದಾಸನ್, ಪರಮೇಶ್ವರನ್. ರವಿದಾಸನಿಗೆ, ಪರಮೇಶ್ವರನಿಗೆ ಬ್ರಹ್ಮಾಧಿರಾಜ ಅನ್ನುವ ಬಿರುದು ಇತ್ತು, ಅಂದರೆ ದೊಡ್ಡ ಹುದ್ದೆಯ ಬ್ರಾಹ್ಮಣರು. ಯುವರಾಜನನ್ನೇ ಕೊಂದವರಿಗೆ ಏನಾಯಿತು? ಶಾಸನದಲ್ಲಿರುವುದು ಅವರ ಮತ್ತು ಅವರ ಬಂಧುಗಳ ಆಸ್ತಿ ಮುಟ್ಟುಗೋಲಾದ ಮಾತು ಮಾತ್ರ. ಬ್ರಾಹ್ಮಣನನ್ನು ಕೊಲ್ಲಬಾರದು, ತಲೆ ಬೋಳಿಸಿ ಗಡೀಪಾರು ಮಾಡಬೇಕು ಅನ್ನುವ ಧರ್ಮಶಾಸ್ತ್ರದ ನಿಯಮ ನೆನಪಿಗೆ ಬರುತ್ತದೆ, ಬಹಳ ಜನ ಶಾಸನವನ್ನು ಹಾಗೇ ವಿವರಿಸಿದ್ದಾರೆ. ಆದರೆ ಇಲ್ಲೂ ಕಲ್ಲು ಹುಟ್ಟಿದ್ದು ಜಮೀನಿನ ವ್ಯವಹಾರದಿಂದ. ಜೀವದ ಲೆಕ್ಕ ಅದರ ವಿಷಯವೇ ಅಲ್ಲ.

ಕನ್ನಡನಾಡಿನ ಕಥೆಯೂ ಬೇರೆಯಲ್ಲ. ಲಕ್ಷ್ಮೇಶ್ವರದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪುಲಿಗೆರೆಯ ಮಹಾಜನರಿಗೆ, ನಗರದವರಿಗೆ ಮತ್ತು 18 ಪ್ರಕೃತಿಗಳಿಗೆ ಹಾಕಿಕೊಟ್ಟ ಆಚಾರ ವ್ಯವಸ್ಥೆಯ ಶಾಸನ ಇದೆ, 8ನೇ ಶತಮಾನದ ಮೊದಲ ಭಾಗದ್ದು. ಅದರಲ್ಲಿ ತೆರಿಗೆ ಇದೆ, ತಪ್ಪುದಂಡ ಇದೆ, ದಶಾಪರಾಧದ ಮಾತಿದೆ. ಯಾರಿಗೆ ಹಣ ಸಲ್ಲಬೇಕು ಅನ್ನುವುದೇ ಅದರ ಚಿಂತೆ. 12ನೇ ಶತಮಾನಕ್ಕೆ ಬನ್ನಿ. ಕನ್ನಡಿಗರು ಅತ್ಯಂತ ಹೆಚ್ಚು ಮಾತಾಡಿರುವ ಮರಣದಂಡನೆ ಯಾವುದು? ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಆದ ಎಳೆಹೂಟೆ. ನಾಟಕಗಳು ಬಂದಿವೆ, ಇವತ್ತಿಗೂ ವೇದಿಕೆಗಳಲ್ಲಿ ಆ ಮಾತು ಬರುತ್ತದೆ. ಆದರೆ ಆ ಕಥೆ ನಮಗೆ ಬಂದದ್ದು ಶರಣರ ನೆನಪಿನಿಂದ, ನಂತರದ ಕಾವ್ಯ ಪುರಾಣಗಳಿಂದ. ಬಿಜ್ಜಳನ ಬಿರುದುಗಳನ್ನು ಸಾಲುಗಟ್ಟಲೆ ಹೇಳುವ ಶಾಸನಗಳನ್ನು ನಂಬಿ ಕೂತಿದ್ದರೆ ನಮಗೆ ಅದು ತಿಳಿಯುತ್ತಲೇ ಇರಲಿಲ್ಲ.

ವಿಜಯನಗರದ ಶಿಕ್ಷೆಗಳ ಚಿತ್ರ ಕೊಟ್ಟವನೂ ಹೊರಗಿನವನೇ, 1530ರ ದಶಕದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಸಣ್ಣ ಕಳ್ಳನಿಗೆ ಕೈಕಾಲು ಕಡಿಯುವುದು, ದೊಡ್ಡ ಕಳ್ಳನಿಗೆ ಗದ್ದದ ಕೆಳಗೆ ಕೊಕ್ಕೆ ಹಾಕಿ ನೇತುಹಾಕುವುದು, ದ್ರೋಹಿಗೆ ಶೂಲ. ಅದೇ ನೂನಿಜ್ ಇನ್ನೊಂದು ಮಾತೂ ಬರೆದಿದ್ದಾನೆ. ಮಂತ್ರಿಯ ಅಪ್ಪಣೆ ಪಡೆದು ದ್ವಂದ್ವಯುದ್ಧ ಮಾಡಿದರೆ ಕೊಂದವನಿಗೆ ಶಿಕ್ಷೆ ಇಲ್ಲ, ಗೌರವ. ಸತ್ತವನ ಆಸ್ತಿಯೂ ಗೆದ್ದವನಿಗೇ. ಏಚ ಐದು ಶತಮಾನ ತಡವಾಗಿ ಹಂಪಿಯಲ್ಲಿ ಕುಸ್ತಿಗೆ ಇಳಿದಿದ್ದರೆ ಬಹುಮಾನವೇ ಸಿಗುತ್ತಿತ್ತೇನೋ ಅಂತ ಒಂದು ಕ್ಷಣ ಅನಿಸಿತು. ಒಂದೇ ಕೃತ್ಯ, ಒಂದು ಕಡೆ ಸಾವು, ಇನ್ನೊಂದು ಕಡೆ 96 ಕುರಿ, ಮತ್ತೊಂದು ಕಡೆ ಸನ್ಮಾನ. ಸತ್ತವನು ಯಾರು, ಕೊಂದವನು ಯಾರು, ಮೇಲೆ ಕೂತವನು ಯಾರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹಾಗಾದರೆ ಅರಸನೇ ತನ್ನ ಬಾಯಿಂದ ಮರಣದಂಡನೆಯ ಬಗ್ಗೆ ಮಾತಾಡಿದ ಶಾಸನ ಇಲ್ಲವೇ? ಇದೆ. ಅದಕ್ಕೆ ಏಚನಿಗಿಂತ 1300 ವರ್ಷ ಹಿಂದೆ ಹೋಗಬೇಕು.

ಅಶೋಕನ ನಾಲ್ಕನೇ ಸ್ತಂಭಶಾಸನ. ಸ್ತಂಭಶಾಸನಗಳು ಉತ್ತರದವು, ನಮ್ಮ ಕಡೆ ಸಿಕ್ಕಿಲ್ಲ. ಪಟ್ಟವಾಗಿ 26 ವರ್ಷವಾದಾಗ ಬರೆಸಿದ್ದು ಅಂತ ಅದೇ ಹೇಳುತ್ತದೆ. ವ್ಯವಹಾರದಲ್ಲಿ ಸಮತೆ ಇರಬೇಕು, ದಂಡನೆಯಲ್ಲಿ ಸಮತೆ ಇರಬೇಕು ಅಂದು, ಆಮೇಲೆ ಒಂದು ನಿಯಮ ಮಾಡುತ್ತಾನೆ. ಸೆರೆಯಲ್ಲಿದ್ದು, ದಂಡನೆ ತೀರ್ಮಾನವಾಗಿ, ವಧೆಗೆ ಗುರಿಯಾದವರಿಗೆ ಮೂರು ದಿನದ ಅವಧಿ ಕೊಡಲಾಗಿದೆ. ಆ ಮೂರು ದಿನದಲ್ಲಿ ಅವರ ಬಂಧುಗಳು ಅಧಿಕಾರಿಗಳ ಹತ್ತಿರ ಅವರ ಜೀವಕ್ಕಾಗಿ ಕೇಳಿಕೊಳ್ಳಬಹುದು. ಕೇಳುವವರು ಯಾರೂ ಇಲ್ಲದವರು ದಾನ ಮಾಡಿ, ಉಪವಾಸ ಮಾಡಿ ಪರಲೋಕಕ್ಕೆ ಸಿದ್ಧರಾಗಬಹುದು.

ಈ ಭಾಗದ ಮೇಲೆ ವಿದ್ವಾಂಸರ ಜಗಳ ಇದೆ. ಕಳಿಂಗದ ನಂತರ ಹಿಂಸೆ ಬಿಟ್ಟ ಅಶೋಕ ಮರಣದಂಡನೆ ಮಾತ್ರ ಇಟ್ಟುಕೊಂಡಿದ್ದನಾ? 1975ರಲ್ಲಿ ಕೆ.ಆರ್. ನಾರ್ಮನ್ ಅನ್ನುವ ಪ್ರಾಕೃತ ವಿದ್ವಾಂಸರು ಒಂದು ಲೇಖನ ಬರೆದು, ಇಲ್ಲಿನ ವಧ ಪದಕ್ಕೆ ಕೊಲ್ಲುವುದು ಅಂತ ಅರ್ಥ ಬೇಡ, ಹೊಡೆತದ ಶಿಕ್ಷೆ ಅಂತ ಓದಬೇಕು ಅಂದರು. ವಧ ಪದಕ್ಕೆ ಆ ಅರ್ಥ ಇರುವುದು ನಿಜ. ಸ್ಮೃತಿಗಳಲ್ಲೂ ವಧದಂಡ ಅಂದರೆ ಏಟಿನಿಂದ ಹಿಡಿದು ಅಂಗಚ್ಛೇದ, ಸಾವಿನವರೆಗೂ ಬರುತ್ತದೆ. ಆದರೆ ಏಟು ತಿನ್ನುವವನ ಬಂಧುಗಳು ಜೀವಿತಕ್ಕಾಗಿ ಯಾಕೆ ಬೇಡಬೇಕು? ಅವನು ಪರಲೋಕಕ್ಕಾಗಿ ಯಾಕೆ ಉಪವಾಸ ಮಾಡಬೇಕು? ಅದೇ ಸಾಲುಗಳಲ್ಲಿ ಈ ಎರಡೂ ಮಾತು ಇರುವುದರಿಂದ ಹೆಚ್ಚಿನವರು ಮರಣದಂಡನೆ ಅಂತಲೇ ಓದುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ. ಅಶೋಕ ಗಲ್ಲು ನಿಲ್ಲಿಸಲಿಲ್ಲ. ಆಜ್ಞೆಗೂ ಸಾವಿಗೂ ನಡುವೆ ಮೂರು ದಿನ ತುರುಕಿದ, ಅಷ್ಟೇ.

ನಮ್ಮ ನಾಡಿಗೂ ಇದಕ್ಕೂ ಒಂದು ಕೊಂಡಿ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, 1980ರ ದಶಕದಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಸಿಕ್ಕವು. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಗೊತ್ತಿದ್ದ ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಧೌಲಿಯಲ್ಲಿ ಮೊದಲನೆಯದು ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು. ಕಾರಣವಿಲ್ಲದೆ ಯಾರಿಗೂ ಸೆರೆ, ಹಿಂಸೆ ಆಗಬಾರದು. ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನ ಇದ್ದರೆ ನ್ಯಾಯ ಕೆಡುತ್ತದೆ ಅನ್ನುವುದು ಅದರ ಸಾರ. ಆತುರವನ್ನು ಕ್ರೌರ್ಯದ ಪಕ್ಕದಲ್ಲೇ ಇಟ್ಟಿದ್ದಾನೆ ನೋಡಿ.

ಈಗ ಬೆಳತೂರಿಗೆ ವಾಪಸ್ ಬನ್ನಿ. ದೇಕಬ್ಬೆಯ ತಂದೆ ಒಂದು ನಾಡಿನ ಒಡೆಯ. ಮೂರು ದಿನ ಸಿಕ್ಕಿದ್ದರೆ ತಲಕಾಡಿಗೆ ಹೋಗಿ ಅಳಿಯನ ಜೀವ ಬೇಡುತ್ತಿದ್ದನೋ ಏನೋ. ಕುರಿ ಕೊಡುತ್ತೇನೆ, ದೀಪ ಹಚ್ಚಿಸುತ್ತೇನೆ ಅನ್ನುತ್ತಿದ್ದನೋ ಏನೋ. ಶಾಸನದಲ್ಲಿ ಬೇಡಿಕೊಳ್ಳುವ ತಂದೆ ತಾಯಿ ಇದ್ದಾರೆ, ಆದರೆ ಅವರು ಬೇಡುವುದು ಅರಸನನ್ನಲ್ಲ, ಮಗಳನ್ನು. ಆ ಮನೆಗೆ ಬಂದದ್ದು ಮುಗಿದುಹೋದ ಸುದ್ದಿ. ಒಂದು ಆಜ್ಞೆ, ಎರಡು ಸಾವು.

2013ರ ಫೆಬ್ರವರಿ 9ರಂದು ಸಂಸತ್ ದಾಳಿ ಪ್ರಕರಣದ ಅಫ್ಜಲ್ ಗುರುವನ್ನು ತಿಹಾರ್‌ನಲ್ಲಿ ಗಲ್ಲಿಗೇರಿಸಿದರು. ಕ್ಷಮಾದಾನದ ಅರ್ಜಿ ತಿರಸ್ಕಾರವಾಗಿದೆ ಅಂತ ಮನೆಯವರಿಗೆ ಕಳಿಸಿದ ಸ್ಪೀಡ್ ಪೋಸ್ಟ್ ಕಾಶ್ಮೀರ ತಲುಪಿದ್ದು ಎರಡು ದಿನದ ನಂತರ. ಅವನ ಅಪರಾಧದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಲಕೋಟೆ ಒಡೆದ ಹೆಂಡತಿಯ ಸ್ಥಿತಿ ದೇಕಬ್ಬೆಯದೇ. 956 ವರ್ಷದಲ್ಲಿ ಬದಲಾದದ್ದು ಸುದ್ದಿ ತರುವವನು ಮಾತ್ರ.

ಅದೇ ತಿಂಗಳು ಇನ್ನೂ ನಾಲ್ಕು ಅರ್ಜಿಗಳು ತಿರಸ್ಕಾರವಾದವು. 1993ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಹತ್ತಿರ ಪಾಲಾರಿನಲ್ಲಿ ವೀರಪ್ಪನ್ ಗುಂಪು ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದ ಪ್ರಕರಣ. ಮೈಸೂರಿನ ಟಾಡಾ ಕೋರ್ಟ್ 2001ರಲ್ಲಿ ನಾಲ್ವರಿಗೆ ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಕಾದರು, ಒಂದು ಉತ್ತರಕ್ಕಾಗಿ ಸುಮಾರು ಒಂಬತ್ತು ವರ್ಷ. ಕೊನೆಗೆ 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅದೇ ತೀರ್ಪಿನಲ್ಲಿ ಒಂದು ನಿಯಮವನ್ನೂ ಮಾಡಿತು: ಕ್ಷಮಾದಾನ ತಿರಸ್ಕಾರವಾದ ಸುದ್ದಿ ಮುಟ್ಟಿದ ದಿನಕ್ಕೂ ಗಲ್ಲಿಗೂ ನಡುವೆ ಕನಿಷ್ಠ 14 ದಿನ ಇರಬೇಕು, ಮನೆಯವರಿಗೆ ಮೊದಲೇ ತಿಳಿಸಬೇಕು. ಕೈದಿ ದೇವರಿಗೆ ಮುಖ ಮಾಡಲು, ಮನೆಯವರನ್ನು ಕೊನೆಯ ಸಲ ನೋಡಲು, ಇನ್ನೊಮ್ಮೆ ಕೋರ್ಟಿಗೆ ಹೋಗಲು ಈ ಸಮಯ. ಅಶೋಕನ ಮೂರು ದಿನದ ಪಟ್ಟಿ ತೆಗೆದು ಪಕ್ಕದಲ್ಲಿಟ್ಟು ನೋಡಿ. ಬಂಧುಗಳ ಬೇಡಿಕೆ, ಪರಲೋಕದ ಸಿದ್ಧತೆ, ಮರುಪರಿಶೀಲನೆ. ಹೆಚ್ಚುಕಡಿಮೆ ಅದೇ ಪಟ್ಟಿ.

ಗಲ್ಲು ಇರಬೇಕು ಅನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಪಾಲಾರಿನಲ್ಲಿ ಸತ್ತ 22 ಜನರಿಗೂ ಮನೆ ಇತ್ತು, ಆ ಮನೆಗಳಿಗೂ ಸುದ್ದಿ ಹೋಗಿತ್ತು. ಕಾನೂನು ಆಯೋಗ 1967ರ 35ನೇ ವರದಿಯಲ್ಲಿ ದೇಶದ ಸ್ಥಿತಿಗೆ ಮರಣದಂಡನೆ ಬೇಕು ಅಂದಿತ್ತು. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಇರಲಿ ಅಂದರು. ಭಗವತಿ ಒಬ್ಬರೇ ಒಪ್ಪಲಿಲ್ಲ. ಈ ಶಿಕ್ಷೆ ಯಾರಿಗೆ ಬೀಳುತ್ತದೆ ಅನ್ನುವುದು ಪೀಠದಲ್ಲಿ ಕೂತವರ ಮೇಲೆ ನಿಂತಿದೆ ಅನ್ನುವುದು ಅವರ ಆಕ್ಷೇಪದ ತಿರುಳು. ಅಂಬೇಡ್ಕರ್ 1949ರಲ್ಲೇ ಸಂವಿಧಾನ ಸಭೆಯಲ್ಲಿ, ಇದನ್ನು ತೆಗೆದುಹಾಕುವುದೇ ಮೇಲು ಅಂತ ಹೇಳಿದ್ದರು. 2015ರ 262ನೇ ವರದಿಯಲ್ಲಿ ಕಾನೂನು ಆಯೋಗವೂ, ಭಯೋತ್ಪಾದನೆ ಬಿಟ್ಟು ಉಳಿದ ಅಪರಾಧಗಳಿಗೆ ರದ್ದು ಮಾಡಿ ಅಂದಿತು. ನಡುವೆ ಇನ್ನೊಂದು ಘಟನೆ. 1990ರ ದಶಕದ ತನ್ನದೇ ಒಂದು ತೀರ್ಪು ಬಚನ್ ಸಿಂಗ್ ನಿಯಮಕ್ಕೆ ವಿರುದ್ಧವಾಗಿತ್ತು ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. 2012ರಲ್ಲಿ 14 ನಿವೃತ್ತ ನ್ಯಾಯಾಧೀಶರು ರಾಷ್ಟ್ರಪತಿಗೆ ಪತ್ರ ಬರೆದರು. ಅಷ್ಟರಲ್ಲಿ ಆ ತಪ್ಪು ಸರಣಿಯಲ್ಲಿ ಇಬ್ಬರನ್ನು ಗಲ್ಲಿಗೆ ಹಾಕಿ ವರ್ಷಗಳಾಗಿದ್ದವು. ನನ್ನ ಕೆಲಸದಲ್ಲಿ ಲೆಕ್ಕ ತಪ್ಪಿದರೆ ಕಂಬ ಒಡೆದು ಮತ್ತೆ ಕಟ್ಟುತ್ತೇವೆ. ದುಡ್ಡು ಹೋಗುತ್ತದೆ, ಬೈಗುಳ ತಿನ್ನುತ್ತೇವೆ, ಕಂಬ ಮತ್ತೆ ನಿಲ್ಲುತ್ತದೆ.

ಕೊನೆಯದಾಗಿ ದಾಖಲೆಯ ಮಾತು, ನಾವು ಶಾಸನದವರು ಕೇಳಲೇಬೇಕಾದ್ದು. ಸ್ವಾತಂತ್ರ್ಯದ ನಂತರ ಭಾರತದಲ್ಲಿ ಎಷ್ಟು ಜನರನ್ನು ಗಲ್ಲಿಗೇರಿಸಿದ್ದಾರೆ? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸಂಶೋಧಕರು ಜೈಲು ಜೈಲಿಗೆ ಪತ್ರ ಬರೆದು ಪಟ್ಟಿ ಮಾಡಿದರು. ಏಳುನೂರಕ್ಕೂ ಹೆಚ್ಚು ಹೆಸರು ಸಿಕ್ಕವು, ಆದರೆ ಪಟ್ಟಿ ಪೂರ್ತಿಯಲ್ಲ. ಕೆಲವು ಕಡೆಯಿಂದ ಬಂದ ಉತ್ತರ: ಹಳೆಯ ಕಡತ ಇಲ್ಲ, ಗೆದ್ದಲು ತಿಂದಿದೆ.

ಅರಸರೂ ಬರೆಯಲಿಲ್ಲ, ಗಣರಾಜ್ಯವೂ ಬರೆದದ್ದನ್ನು ಉಳಿಸಿಕೊಳ್ಳಲಿಲ್ಲ. ನೆನಪಿಟ್ಟುಕೊಂಡವರು ಮನೆಯವರು, ಊರಿನವರು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಜಾಗವನ್ನು ಉಳಿಸಿಕೊಂಡದ್ದು ಗಲ್ಲಿಗೆ ಹಾಕಿದ ಕಂಪನಿ ಸರ್ಕಾರವಲ್ಲ, ಅಲ್ಲಿನ ಆಲದ ಮರಕ್ಕೆ ಹರಕೆ ಕಟ್ಟುವ ಜನ.

ಆವತ್ತು ಹಾಕಿದ ಹೆಬ್ಬೆರಳಿನ ಚಿತ್ರವನ್ನು ನಾನು ಅಳಿಸಿಲ್ಲ. ಆ ನಾಲ್ವರ ಅಪರಾಧದ ಬಗ್ಗೆ ನನ್ನ ಸಿಟ್ಟೂ ಇಳಿದಿಲ್ಲ. ಆದರೆ ಈಗ ಯಾರಾದರೂ ಅಂಥ ಚಿತ್ರ ಹಾಕಿದರೆ ನಾನು ಸೇರುವುದಿಲ್ಲ. ಆ ಹೊತ್ತಿಗೆ ಎಲ್ಲೋ ಒಂದು ಮನೆಯ ಬಾಗಿಲಿಗೆ ತಲಕಾಡಿನ ಸುದ್ದಿ ಬಂದಿರುತ್ತದೆ ಅನ್ನುವುದು ನೆನಪಾಗುತ್ತದೆ. ಹೆಗ್ಗಡದೇವನಕೋಟೆ ಕಡೆ ಹೋದವರು ಬೆಳತೂರಿನ ಶಾಸನಗಳನ್ನು ನೋಡಿ ಬನ್ನಿ. ದೇಕಬ್ಬೆಯ ಪದ್ಯಗಳನ್ನು ಓದುವಾಗ ಏಚನ ಹೆಸರು ಬರುವ ಸಾಲಿನಲ್ಲಿ ಸ್ವಲ್ಪ ನಿಲ್ಲಿ. ಅವನಿಗೆ ಇರುವ ಕಲ್ಲು ಅಷ್ಟೇ.